ಸೇವ ಮಾಡೀಯೇನವ್ವಾ?

ಹಳೆಯ ಕಂಪ್ಯೂಟರ್ ಆಟ ತಾನಾಗಿ ಏನನ್ನೂ ಉಳಿಸಿಕೊಳ್ಳುವುದಿಲ್ಲ. ನೀವು ಉಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲವೆಂದರೆ ನಿಮ್ಮ ಮನೆಯಲ್ಲಿ ಇಷ್ಟು ದಿನ ಬೇರೆ ಯಾರೋ ನಿಮಗಾಗಿ ಉಳಿಸುತ್ತ ಬಂದಿದ್ದಾರೆ ಎಂದರ್ಥ.

ನನಗೆ ಗೊತ್ತಿತ್ತು. ಗೊತ್ತಿದ್ದುದಷ್ಟೇ ಅಲ್ಲ, ಅದರ ಮೇಲೆ ಕಳೆದ ರವಿವಾರ ಒಂದು ಅಂಕಣ ಬರೆಯಲು ಸೊಂಟ ಕಟ್ಟಿದ್ದೆ. ಇಂಡಿ ಪಟ್ಟಣದಿಂದ ಹೊರಡುವ ವಾರಪತ್ರಿಕೆಯೊಂದರಲ್ಲಿ ನಾನು ವಾರಕ್ಕೊಬ್ಬರನ್ನು ಝಾಡಿಸುತ್ತೇನೆ. ಬರೆಯುವುದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ, ಸಿಟ್ಟು ಕಲಿಸಿತು. ಆ ವಾರದ ಸರದಿ ಮೊಬೈಲ್ ಆಟಗಳದು. ಜೀವ ಹೋದರೆ ಇನ್ನೊಂದು ಜೀವ ಮಾರುವ, ನಡುವೆ ಜಾಹೀರಾತು ತುರುಕುವ ಆ ಲಫಂಗ ಆಟಗಳನ್ನು ನೆಲಕ್ಕೆ ಬಡಿದು, ನಮ್ಮ ಕಾಲದ ಕಂಪ್ಯೂಟರ್ ಆಟಗಳನ್ನು ಆನೆಯ ಮೇಲೆ ಕೂರಿಸಬೇಕು. ಓದಿದ ಮೇಲೆ ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಒಬ್ಬನೂ ಮೊಬೈಲ್ ಮುಟ್ಟಬಾರದು, ಅಂಥ ಬರಹ!

ಬರೆಯುವ ಮೊದಲೇ ಕೇಳಿಸಿಕೊಳ್ಳಲು ಹೆಂಡತಿ ವಿಜಯಶ್ರೀ ಸಿಕ್ಕಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಮುದ್ದೇಬಿಹಾಳಕ್ಕೆ ಹೋಗಿದ್ದವಳು ಅಂದು ಮುಂಜಾನೆಯಷ್ಟೇ ಮರಳಿದ್ದಳು. ಕೈಯಲ್ಲಿ ಕೆಂಪು ಪೆನ್ನು ಇರಲಿಲ್ಲ, ನಾಲಿಗೆಯಲ್ಲಿತ್ತು.

"ಇಸ್ಪೀಟಿನ ಆಟ ತಗೋ," ಎಂದೆ. "ಒಬ್ಬನ ಆಡ್ತಾನ, ಒಬ್ಬನ ಸೋಲ್ತಾನ. ಯಾರ ಮನಿನೂ ಹಾಳಾಗಂಗಿಲ್ಲ."

"ಹೌದ್ರಿ. ಸಾಹೇಬ್ರು ಕಚೇರ್ಯಾಗ ಅದನ್ನ ಆಡ್ಕೋತ ಕುಂತ್ರ, ಹೊರಗ ಪಾಳೆ ಹಚ್ಚಿದವ್ರ ಮನಿ ಅಷ್ಟ ಹಾಳಾಗತೈತಿ."

"ಹಾವಿನ ಆಟ? ಅದರಾಗ ಧರ್ಮ ಐತಿ. ತಿಂದಂಗ ತಿಂದಂಗ ಬಾಲ ಉದ್ದಾಗತೈತಿ, ಕಡೀಕ ತನ್ನ ಬಾಲ ತಾನ ಕಚ್ಚಿ ಸಾಯತೈತಿ. ನಾ ಹತ್ತು ಅಂಕಣದಾಗ ಹೇಳೋದನ್ನ ಆ ಹಾವು ಒಂದ ಆಟದಾಗ ಹೇಳತೈತಿ."

"ಹಂಗಾರ ಅಂಕಣ ಹಾವಿಗೇ ಕೊಡ್ರಿ."

ನಾನು ಬಿಡಲಿಲ್ಲ. "ಇಟ್ಟಂಗಿ ಜೋಡ್ಸೋ ಆಟ?"

"ಒಪ್ಪಾಗಿ ಜೋಡ್ಸಿದ ಸಾಲು ಮಾಯ ಆಗತೈತಿ, ತಪ್ಪಿದ್ದಷ್ಟ ಉಳಕೊಂಡು ತಲಿಗೆ ಬಂದು ಬಡೀತೈತಿ. ಅದಕ್ಕ ಕಂಪ್ಯೂಟರ್ ಯಾಕ್ರಿ? ನಾ ನಿಮ್ಮ ಜೋಡಿ ಸಂಸಾರ ಮಾಡಾಕತ್ತೇನಲ್ಲ." ಚಹಾದ ಕಪ್ಪು ಎತ್ತಿಕೊಂಡಳು. "ಎಲ್ಲಾದಕ್ಕಿಂತ ದೊಡ್ಡ ದೋಷ ಹೇಳ್ತೇನಿ, ಬರಕೋರಿ. ಆ ಊರು ಕಟ್ಟೋ ಆಟ ಐತೆಲ್ಲ, ತಾನಾಗಿ ಸೇವ್ ಆಗಂಗಿಲ್ಲ. ಈಗಿನ ಆಟ ನಾವು ಕಣ್ಣ ಪಿಳುಕಿಸೋದ್ರಾಗ ಉಳಿಸ್ಕೋತಾವ."

"ಅದು ದೋಷ ಅಲ್ಲ, ಸಂಸ್ಕಾರ. ತನ್ನದನ್ನ ತಾ ಉಳಿಸ್ಕೊಳ್ಳದವಗ ಕಳಕೊಳ್ಳೋದ ಪಾಠ."

"ಈ ಮಾತು ಅತ್ತೇರ ಮುಂದ ಆಡಬ್ಯಾಡ್ರಿ," ಎಂದು ಅವಳು ಅಡುಗೆಮನೆಗೆ ನಡೆದಳು.

ಅವಳು ಹಾಗೆ ಅಂದದ್ದಕ್ಕೆ ಕಾರಣವಿದೆ. ನನ್ನ ಅವ್ವ ಸಿದ್ದವ್ವನ ತವರೂರು ಬಸವನ ಬಾಗೇವಾಡಿ ಕಡೆಯದು. ಅದು ಈಗ ಆಲಮಟ್ಟಿಯ ಹಿನ್ನೀರಿನೊಳಗಿದೆ. ವಿಜಯಶ್ರೀ ತನ್ನ ಹಳೆಯ ಕಂಪ್ಯೂಟರಿನಲ್ಲಿ ಊರು ಕಟ್ಟುವ ಆಟ ತೋರಿಸಿದ ದಿನದಿಂದ ಅವ್ವ ಆ ಊರನ್ನು ಮತ್ತೆ ಕಟ್ಟುತ್ತಿದ್ದಾಳೆ. ಆಟದಲ್ಲಿ ಮಠವಿರಲಿಲ್ಲ, ಗ್ರಂಥಾಲಯವನ್ನೇ ಮಠ ಎಂದಳು. ಗಡಿಯಾರದ ಗೋಪುರ ದರ್ಗಾ ಆಯಿತು. ಯಾವುದೋ ಶೀತದೇಶದ ಗಿಡ ಬೇವಿನ ಗಿಡವಾಯಿತು. ಪ್ರವಾಹ ಬರಿಸುವ ಗುಂಡಿಯೊಂದಿತ್ತು. ಅವ್ವ ಮೊಟ್ಟಮೊದಲು ಬಂದ್ ಮಾಡಿಸಿದ್ದೇ ಅದನ್ನು.

ಸೊಸೆ ಮುದ್ದೇಬಿಹಾಳಕ್ಕೆ ಹೋಗುವಾಗ, "ಬರೇ ಸ್ಕ್ರೀನ್ ಬಂದ್ ಮಾಡ್ರಿ ಅತ್ತಿ, ಡಬ್ಬಿ ಚಾಲೂ ಇರ್ಲಿ, ಮುಂದಿಂದು ನಾ ಬಂದು ನೋಡ್ತೇನಿ," ಎಂದು ಹೇಳಿದ್ದಳು. ಡಬ್ಬಿ ಎಂದರೆ ಮೇಜಿನ ಕೆಳಗಿನ ಸಿಪಿಯು. ಆ ದಿನಗಳಲ್ಲಿ ಅವ್ವ ಒಬ್ಬಳೇ ಒಂದು ಇಡೀ ಓಣಿ ಕಟ್ಟಿದ್ದಳು. ಅದು ಅವಳ ಬಾಲ್ಯದ ಗೆಳತಿ ಜೋಹರಾಬಿಯ ಓಣಿ. ಮೂರು ತಿರುವು, ಮೂಲೆಯಲ್ಲಿ ಸೇದುವ ಬಾವಿ, ಜೋಹರಾಬಿಯ ಅಂಗಳದಲ್ಲಿ ದಾಳಿಂಬೆ ಗಿಡ. ಅದನ್ನು ನೋಡಲೆಂದೇ ಜೋಹರಾಬಿ ಅಂದು ಬಾಗೇವಾಡಿಯಿಂದ ಬಸ್ ಹತ್ತಿದ್ದಳು. ನೀರು ಬಂದ ಮೇಲೆ ಆಕೆ ತನ್ನ ಓಣಿ ನೋಡಿರಲಿಲ್ಲ.

ಇಷ್ಟೂ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಒಂದೇ: ನಾನು ಅಂಕಣ ಟೈಪ್ ಮಾಡಬೇಕು, ಪರದೆಯ ತುಂಬ ಅವ್ವನ ಊರು ಕಾಲು ಚಾಚಿ ಮಲಗಿದೆ. ಮುಚ್ಚಲು ಹೋದೆ. ಯಂತ್ರ ಸಭ್ಯವಾಗಿ ಇಂಗ್ಲಿಷಿನಲ್ಲಿ ಕೇಳಿತು: ಉಳಿಸಬೇಕೇ, ಬೇಡವೇ?

ನಾನೇನು ಬೇಜವಾಬ್ದಾರಿ ಮನುಷ್ಯನಲ್ಲ. ಕುರ್ಚಿಯಿಂದ ಏಳದೆ, ಗೋಡೆಯಾಚೆಗೆ ಕೇಳುವಂತೆ ಕೂಗಿದೆ.

"ಅವ್ವಾ, ಸೇವ್ ಮಾಡೀಯೇನು?"

"ಮಾಡೇನೋ ತಮ್ಮಾ!" ಅಡುಗೆಮನೆಯಿಂದ ಉತ್ತರ ಬಂತು.

"ಎಲ್ಲಾ?"

"ಎಲ್ಲಾ ಮಾಡಿ ಡಬ್ಬ್ಯಾಗ ಹಾಕೇನಿ. ಈಗ ಕೈ ಹಾಕಬ್ಯಾಡ, ಜೋಹರಾ ಬರ್ಲಿ."

ಇನ್ನೇನು ಬೇಕು? 'ಬೇಡ' ಎಂಬುದರ ಮೇಲೆ ಒತ್ತಿದೆ. ಊರು ಹೋಯಿತು. ಅಂಕಣದ ಮೊದಲ ಸಾಲು ಬಿತ್ತು: 'ತನ್ನದನ್ನು ತಾನು ಉಳಿಸಿಕೊಳ್ಳದವನಿಗೆ...'

ಅಷ್ಟರಲ್ಲಿ ಅವ್ವ ಕಡಲೆಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. "ತಮ್ಮಾ, ಸ್ವಲ್ಪ ಏಳು. ಜೋಹರಾನ ಓಣಿ ತೆಗೆದಿಡ್ತೇನಿ." ಹಿಂದೆ ವಿಜಯಶ್ರೀ. ಅವಳೇ ಆಟ ತೆರೆದಳು. ಮಠ ಇತ್ತು, ಬೇವಿನ ಗಿಡ ಇತ್ತು. ಹೊಳೆಯ ಕಡೆಗೆ ಬರೀ ಹಸಿರು ಬಯಲು.

"ಓಣಿ ಎಲ್ಲಿ?" ಎಂದಳು ಅವ್ವ.

"ನೀನ ಸೇವ್ ಮಾಡೇನಿ ಅಂದೆಲ್ಲ, ಡಬ್ಬ್ಯಾಗ ಹಾಕೇನಿ ಅಂದೆಲ್ಲ?"

ವಿಜಯಶ್ರೀ ಒಳಗೆ ಹೋಗಿ ಒಂದು ಸ್ಟೀಲಿನ ಡಬ್ಬಿ ತಂದು ನನ್ನ ಕೀಬೋರ್ಡಿನ ಮೇಲೆ ಇಟ್ಟಳು. ಮುಚ್ಚಳ ತೆಗೆದಳು. ಬಿಸಿಬಿಸಿ ಸೇವ, ಅದೇ ಕಡಲೆಹಿಟ್ಟಿನ ಖಾರದ ಎಳೆ, ಮೇಲೆ ಕರಿದ ಕರಿಬೇವು.

ನಾವು ಶಾಲೆಯನ್ನು ಸಾಲಿ ಎನ್ನುವ ಜನ. ಶೇವಕ್ಕೂ ಸೇವಕ್ಕೂ ಸೇವ್‌ಗೂ ನಡುವೆ ಬೇಲಿ ಹಾಕಿಕೊಂಡವರಲ್ಲ.

"ಅತ್ತೇರಿಗೆ ಸೇವ್ ಅಂದ್ರ ಹೆಂಗ ತಿಳೀಬೇಕ್ರಿ?" ವಿಜಯಶ್ರೀಯ ದನಿ ತಣ್ಣಗಿತ್ತು. ಅವಳ ಸಿಟ್ಟು ತಣ್ಣಗಾದಷ್ಟೂ ನನಗೆ ಬೆವರು. "ನಾವಿಬ್ರು ಅದಕ್ಕ ಅಗಸಿ ಹಾಕೋದು ಅಂತೀವಿ. ದಿನಾ ಸಂಜೀಕ 'ಅಗಸಿ ಹಾಕವಾ' ಅಂತಾರ, ನಾ ಹಾಕ್ತೇನಿ. ನೀವು ಒಂದಿನಾ ಬಂದು ಕುಂತಿದ್ರ ಗೊತ್ತಾಗತಿತ್ತು."

ಊರಬಾಗಿಲು ಮುಚ್ಚುವುದು! ಅದಕ್ಕಿಂತ ಒಳ್ಳೆಯ ಮಾತು ಯಾವ ಕಂಪನಿಯವನಿಗೂ ಹೊಳೆದಿಲ್ಲ. ಹೀಗೆಂದು ಹೊಗಳುವ ಹೊತ್ತು ಅದಾಗಿರಲಿಲ್ಲ. ಅವ್ವನ ಫೋನು ರಿಂಗಾಯಿತು. ಜೋಹರಾಬಿ. "ದೇವರ ಹಿಪ್ಪರಗಿ ದಾಟೇನಿ ಸಿದ್ದಿ, ಓಣಿ ಕಸ ಹೊಡದಿಡು."

ಅವ್ವ ಫೋನು ಇಟ್ಟು ಮಂಚದ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ನಾ ಕಟ್ತೇನಿ," ಎಂದೆ. "ಬಸ್ ಬರೋದ್ರಾಗ ಕಟ್ತೇನಿ." ಮೌಸ್ ಹಿಡಿದು ಮನೆಗಳನ್ನು ಪಟಪಟನೆ ಇಳಿಸಿದೆ. ಒಂದೇ ಅಳತೆಯ ಮನೆ, ಒಂದೇ ಬಣ್ಣದ ಮಾಳಿಗೆ, ಅಳತೆಪಟ್ಟಿ ಇಟ್ಟಂಥ ರಸ್ತೆ. ಗಿಡದ ಗುಂಡಿ ಅವಸರದಲ್ಲಿ ಸಿಗಲಿಲ್ಲ, ಲೈಟಿನ ಕಂಬ ನೆಟ್ಟೆ. ಬಾವಿಯ ಜಾಗಕ್ಕೆ ನೀರಿನ ಟ್ಯಾಂಕ್ ಇಟ್ಟೆ. ಪೈಪು ಜೋಡಿಸಲು ಹೊತ್ತೆಲ್ಲಿ? ಪ್ರತಿ ಮನೆಯ ಮೇಲೂ ನೀರಿಲ್ಲವೆಂಬ ಕೆಂಪು ಗುರುತು ಮಿಣಮಿಣ ಅನ್ನತೊಡಗಿತು.

"ನೋಡವ್ವಾ, ಹೆಂಗಾಗೈತಿ?"

ಅವ್ವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. "ಚಲೋ ಐತಿ ತಮ್ಮಾ. ಆದ್ರ ಇದು ಓಣಿ ಅಲ್ಲ. ಪುನರ್ವಸತಿ ಕೇಂದ್ರ."

ಓದುಗರೇ, ಮುಳುಗಡೆಯ ಮೇಲೆ ನಾನು ಎಷ್ಟು ಅಂಕಣ ಬರೆದಿದ್ದೇನೆಂದು ನಿಮಗೆ ಗೊತ್ತು. ಜನರನ್ನು ಎದುರು ಕೂತು ಕೇಳದೆ ಗುಂಡಿ ಒತ್ತಿದವರನ್ನು, ತಿರುವಿಲ್ಲದ ರಸ್ತೆಗೆ ನೀರಿಲ್ಲದ ನಳ ಜೋಡಿಸಿ ಇದೇ ನಿಮ್ಮೂರು ಎಂದವರನ್ನು ನಾನು ಬಿಟ್ಟಿದ್ದೇ ಇಲ್ಲ. ಅವರನ್ನೆಲ್ಲ ಬೈದ ಕೀಬೋರ್ಡು ಅದೇ. ಈಗ ಅದರ ಮೇಲೆ ಸೇವದ ಡಬ್ಬಿ ಕೂತಿತ್ತು.

ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಜೋಹರಾಬಿ ನೀರು ಸಹ ಕುಡಿಯದೆ ನೇರವಾಗಿ ಪರದೆಯ ಮುಂದೆ ಬಂದು ಬಗ್ಗಿದಳು. ಬೆರಳಿಟ್ಟು ಮಠ ಹುಡುಕಿದಳು, ಅಲ್ಲಿಂದ ದರ್ಗಾ, ಅಲ್ಲಿಂದ ಹೊಳೆಯ ಕಡೆಗೆ. ಬೆರಳು ನಿಂತಿತು.

"ನಮ್ಮ ಓಣಿ ಎಲ್ಲೈತಿ ಸಿದ್ದಿ?"

"ಮತ್ತ ಮುಳುಗ್ತು, ಜೋಹರಾ."

"ಈ ಸಲ ಯಾರು ಮುಳುಗಿಸಿದ್ರು?"

"ಇಲ್ಲೇ ನಿಂತಾನಲ್ಲ, ನನ್ನ ಮಗ."

ಜೋಹರಾಬಿ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೋಟೀಸ್ ಕೊಟ್ಟಿದ್ನೇನು?"

"ಎಲ್ಲಿ ನೋಟೀಸು? ಸೇವ ಮಾಡೀಯೇನಂತ ಕೇಳ್ದ."

ಜೋಹರಾಬಿ ಡಬ್ಬಿಗೆ ಕೈ ಹಾಕಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. "ಆವಾಗಿನವ್ರು ಪಾಪ ನೋಟೀಸರೆ ಕೊಟ್ಟಿದ್ರು," ಎಂದಳು. ಆಮೇಲೆ ನನ್ನ ಕಡೆ ಕೈ ಬೀಸಿ, "ಏಳಪಾ ಸಾಹೇಬ, ಕುರ್ಚಿ ಬಿಡು. ಸಿದ್ದಿ, ಮೊದ್ಲ ಈ ಸರ್ಕಾರಿ ಮನಿ ಎಲ್ಲಾ ಕೆಡವು. ನಮ್ಮ ದಾಳಿಂಬ್ರಿ ಗಿಡ ಬಾಗಲದ ಎಡಕ್ಕಿತ್ತು."

"ಬಲಕ್ಕ ಇತ್ತು. ನಿನಗೇನ ನೆಪ್ಪೈತಿ?"

"ನನ್ನ ಅಂಗಳ, ನನಗ ನೆಪ್ಪಿರಂಗಿಲ್ಲೇನ?"

ಸಂಜೆಯವರೆಗೂ ಜಗಳ ನಡೆಯಿತು. ನನಗೆ ಮೌಸ್ ಮುಟ್ಟುವ ಅಪ್ಪಣೆ ಸಿಗಲಿಲ್ಲ, ಸೇವ ಸಿಗಲಿಲ್ಲ. ಅಂಕಣದ ಆ ಒಂದು ಸಾಲನ್ನು ವಿಜಯಶ್ರೀ ಅಳಿಸಿದಳು. ಅಳಿಸುವ ಮುನ್ನ ಎದುರು ನಿಂತು, "ಅಳಿಸ್ಲೇನ್ರಿ?" ಎಂದು ಕೇಳಿದಳು.

ಈಗ ನಿಮ್ಮ ಸರದಿ. ಈ ಪತ್ರಿಕೆ ಮಡಿಸಿಡಿ. ಇವತ್ತು ನಿಮ್ಮ ಮನೆಯಲ್ಲಿ ನೀವು ಬಂದ್ ಮಾಡಬೇಕೆಂದಿರುವುದು, ಅಳಿಸಬೇಕೆಂದಿರುವುದು ಏನೇ ಇರಲಿ, ಅದು ಯಾರದೋ ಅವರಿರುವ ಕೋಣೆಗೆ ಎದ್ದು ಹೋಗಿ. ಗೋಡೆಯಾಚೆಯಿಂದ ಕೂಗಬೇಡಿ. ಮುಖ ನೋಡಿ, ನಿಮ್ಮ ಮಾತಿನಲ್ಲಲ್ಲ, ಅವರ ಮಾತಿನಲ್ಲಿ ಕೇಳಿ: ಅಗಸಿ ಹಾಕೀಯೇನವ್ವಾ?