ಚುಕ್ಕೆ ಕೂಡಿಸಿ ಪಟ್ಟೆ ಮಾಡಿಕೊಳ್ಳಬೇಕೆಂದು ಜಿಂಕೆಯವರಲ್ಲಿ ಮನವಿ

ಎಲ್ಲ ರಾಷ್ಟ್ರೀಯ ಉದ್ಯಾನಗಳ ಎಲ್ಲ ತಿರುವುಗಳಲ್ಲೂ ತಪ್ಪದೆ ಹಾಜರಿರುವ, ರಜೆಯೆಂಬುದನ್ನೇ ಅರಿಯದ ಮಾನ್ಯ ಚುಕ್ಕೆಜಿಂಕೆಯವರೇ,

ತಾವೂ ತಮ್ಮ ಸಮಸ್ತ ಬಂಧುಬಳಗವೂ ಕ್ಷೇಮವೆಂಬುದನ್ನು ಮೂರು ಕಾಡುಗಳಲ್ಲಿ ಕಣ್ಣಾರೆ ಕಂಡಿರುವುದರಿಂದ ಕ್ಷೇಮ ವಿಚಾರಿಸುತ್ತಿಲ್ಲ. ನಾನು ಕನ್ನಡಕದಂಗಡಿ ಇಟ್ಟವನು. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ಊರಿನವರ ಬಟ್ಟೆ ಹೊಲಿದ ನನ್ನ ಅಮ್ಮನ ಕಣ್ಣು ಮಂಜಾಗುತ್ತಿದೆ, ನನ್ನಂಗಡಿಯ ಯಾವ ಗಾಜಿಗೂ ಬಗ್ಗುತ್ತಿಲ್ಲ. ನೋಡಬೇಕಾದದ್ದನ್ನೆಲ್ಲ ಈ ವರ್ಷವೇ ನೋಡಿಬಿಡಲಿ ಎಂದು ಡಾಕ್ಟರು ಹೇಳಿದಾಗ ಅಮ್ಮ ಕೇಳಿದ್ದು ಒಂದೇ: ಕಾಡಲ್ಲಿ ಓಡಾಡೋ ಹುಲೀನ ಒಂದ್ಸಲ ನೋಡ್ಬೇಕು ಕಣೋ.

ಮೊದಲ ಕಾಡನ್ನು ಆರಿಸಿದವಳು ಅಕ್ಕ, ಅಲ್ಲಿನ ಫಲಕದಲ್ಲಿ ಹುಲಿಯ ಚಿತ್ರ ಎಲ್ಲಕ್ಕಿಂತ ದೊಡ್ಡದಿದೆ ಎಂಬ ಕಾರಣಕ್ಕೆ. ಅಲ್ಲಿ ತಾವಿದ್ದಿರಿ. ಎರಡನೆಯದು ಭಾವನ ಆಯ್ಕೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ಹುಲಿಗೆ ಅಡಗಲು ಜಾಗವೇ ಇರುವುದಿಲ್ಲವೆಂದು ಅವರು ಊಟದ ಮೇಜಿನ ಮೇಲೆ ಚಮಚ, ಉಪ್ಪಿನ ಡಬ್ಬಿ ಜೋಡಿಸಿ ಸಾಬೀತುಪಡಿಸಿದರು. ಹುಲ್ಲು ಒಣಗಿತ್ತು, ತಾವು ಇನ್ನೂ ಸ್ಪಷ್ಟವಾಗಿ ಕಂಡಿರಿ. ಮೂರನೆಯದು ನನ್ನದು. ನೀರಿನ ಹೊಂಡದ ಪಕ್ಕದಲ್ಲೇ ಮರೆ ಕಟ್ಟಿ ಕೂರಿಸುತ್ತಾರೆ, ಬಾಯಾರಿದ ಹುಲಿ ಬಾರದೆ ಎಲ್ಲಿಗೆ ಹೋದೀತು ಎಂದುಕೊಂಡಿದ್ದೆ. ಬಾಯಾರಿದ್ದು ತಮಗೆ. ಸಕುಟುಂಬ ಸಪರಿವಾರ ಬಂದು, ಕುಡಿದು, ನಮ್ಮತ್ತ ಹಿಂಭಾಗ ತಿರುಗಿಸಿ ನಿಂತಿರಿ.

ತಮ್ಮ ಕರ್ತವ್ಯನಿಷ್ಠೆಯ ಕಾಲು ಭಾಗ ನಮ್ಮ ಬೀದಿಯ ನಲ್ಲಿ ರಿಪೇರಿಯವನಿಗಿದ್ದಿದ್ದರೆ ನಾವು ದಿನಾ ಎರಡು ಸಲ ಸ್ನಾನ ಮಾಡುತ್ತಿದ್ದೆವು. ಆದರೆ ಆ ಸಂಜೆ ಅಮ್ಮ ನನ್ನ ತೋಳು ಹಿಡಿದು, ಅಲ್ಲೇನೋ ಅಲ್ಲಾಡ್ತಿದೆ, ಹುಲೀನಾ ಎಂದು ಕೇಳಿದಾಗ, ಹೂಂ ಅಮ್ಮಾ, ಹುಲಿ ಎಂದುಬಿಟ್ಟೆ. ಹೆತ್ತವಳ ಕಣ್ಣಿಗೇ ಮಣ್ಣೆರಚಿದೆ. ಅಮ್ಮ ಬಹಳ ಹೊತ್ತು ನೋಡಿದಳು. ನನಗೆ ಆಗ ಆದ ನಾಚಿಕೆ ಈಗಲೂ ಹೋಗಿಲ್ಲ.

ಆದಕಾರಣ ನನ್ನ ಸುಳ್ಳನ್ನು ನಿಜ ಮಾಡುವ ಹೊಣೆ ತಮ್ಮ ಮೇಲಿದೆ. ಮುಂದಿನ ತಿಂಗಳು ನಾಲ್ಕನೆಯ ಕಾಡಿಗೆ ಬರುತ್ತಿದ್ದೇವೆ. ಗೋಮುಖವ್ಯಾಘ್ರರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ; ತಾವು ಒಂದರ್ಧ ಗಂಟೆ ವ್ಯಾಘ್ರಮುಖದ ಜಿಂಕೆಯಾದರೆ ಸಾಕು. ಮೈಮೇಲಿನ ಚುಕ್ಕೆಗಳನ್ನು ಒಂದಕ್ಕೊಂದು ಕೂಡಿಸಿ ಪಟ್ಟೆ ಮಾಡಿಕೊಳ್ಳಿ, ಬಾಲವನ್ನು ಸಾಧ್ಯವಾದಷ್ಟು ಎಳೆದುಕೊಳ್ಳಿ, ಗರ್ಜನೆ ಬಾರದಿದ್ದರೆ ಕೆಮ್ಮಿದರೂ ನಡೆದೀತು. ಹುಲ್ಲು ಮೇಯುವುದನ್ನು ಮಾತ್ರ ನಾವು ಹೊರಟ ಮೇಲೆ ಇಟ್ಟುಕೊಳ್ಳಿ. ಇದೊಂದೂ ಆಗದಿದ್ದರೆ, ತಮ್ಮ ಹಳೆಯ ಪರಿಚಯಸ್ಥರಾದ ಹುಲಿಯವರನ್ನೇ ಜೊತೆಗೆ ಕರೆತನ್ನಿ. ಅವರು ಹಸಿದಿದ್ದರೆ ಇನ್ನೂ ಒಳ್ಳೆಯದು.

ತಮ್ಮ ವಿಶ್ವಾಸಿ,
ತಮ್ಮ ಹಿಂಭಾಗವನ್ನು ಎಲ್ಲಿ ಕಂಡರೂ ಗುರುತಿಸಬಲ್ಲ ಕನ್ನಡಕದಂಗಡಿಯವನು

ತಾ.ಕ.: ಮೇಲಿನ ಕೋರಿಕೆಗಳು ರದ್ದು. ಅಮ್ಮ ಫೋನಿನಲ್ಲಿ ಅಕ್ಕನಿಗೆ ಹೇಳುತ್ತಿದ್ದುದು ಈಗಷ್ಟೇ ಕಿವಿಗೆ ಬಿತ್ತು: "ಚುಕ್ಕೆ ಯಾವ್ದು ಪಟ್ಟೆ ಯಾವ್ದು ಅಂತ ಬಟ್ಟೆ ಹೊಲಿದೋಳಿಗೆ ಗೊತ್ತಾಗಲ್ವೇನೇ? ಜಿಂಕೆ ಅದು. ಪಾಪ, ಕನ್ನಡಕ ಮಾರೋನಿಗೇ ಕಣ್ಣು ಕಾಣಲ್ಲ ಅಂತ ನಾನ್ಯಾಕೆ ಹೇಳ್ಲಿ, ಸುಮ್ಮನಿದ್ದೆ." ನಾಲ್ಕನೆಯ ಕಾಡನ್ನು ಅಮ್ಮನೇ ಆರಿಸಿದ್ದಾಳೆ. ಅಲ್ಲಿ ಹುಲಿಯೇ ಇಲ್ಲವಂತೆ, ಬರೀ ಜಿಂಕೆಯಂತೆ. ಚುಕ್ಕೆ ಕಾಣುವಷ್ಟು ದಿನ ಅದನ್ನೇ ನೋಡುತ್ತಾಳಂತೆ. ನನ್ನ ಅದೃಷ್ಟ ನನಗೆ ಗೊತ್ತು. ದಯವಿಟ್ಟು ಅಂದು ಮಾತ್ರ ರಜೆ ಹಾಕಬೇಡಿ.