ಆಚೆ ದಡದ ಜನಸಂಖ್ಯೆ

ಕೊಜಂಬಾಡಿಯ ಭೂಗೋಳ ಇಷ್ಟೇ: ಒಂದು ಹೊಳೆ, ಆಚೆ ಗುಡ್ಡೆಯ ಮರೆಯಲ್ಲಿ ಹನ್ನೊಂದು ಮನೆ, ಈಚೆ ಪೋಕರ್ ಬ್ಯಾರಿಯ ಚಾ ಅಂಗಡಿ, ನಡುವೆ ದಾಟಲು ಎರಡು ಅಡಿಕೆಮರ ಕಟ್ಟಿದ ಕಾಲುಸೇತುವೆ, ಅಂದರೆ ಸಂಕ. ಕಳೆದ ಆಟಿ ತಿಂಗಳ ಮಳೆಯಲ್ಲಿ ಆಚೆ ದಡದ ಕುಕ್ಕಪ್ಪ ಗೌಡನ ಹೆಂಡತಿ ಲೋಲಾಕ್ಷಿ ಆ ಸಂಕದಿಂದ ಜಾರಿ, ಮೊಸರಿನ ಭರಣಿ ಸಮೇತ ಹೊಳೆಗೆ ಬಿದ್ದಳು. ಎದ್ದವಳು ಈಚೆ ದಡ ಹತ್ತಿ ಸೀದಾ ಬೆಳ್ಳಾರೆಯ ತವರಿಗೆ ನಡೆದಳು. "ಗಟ್ಟಿ ಸಂಕ ಆಗದೆ ನಾನು ದಾಟುದಿಲ್ಲ" ಎಂದು ಹೇಳಿ ಕಳಿಸಿದಳು. ತನ್ನ ಕೈಯ ಗಂಜಿ ತಾನೇ ಕುಡಿದು ಕುಕ್ಕಪ್ಪ ಒಣಗಿದ ನುಗ್ಗೆಕಾಯಿಯಂತಾದ.

ಅಂತೂ ಹೊಸ ಸಂಕಕ್ಕೆ ಊರವರು ಕೊಟ್ಟ ಅರ್ಜಿ ಫಲಿಸಿ, ಬ್ಲಾಕಿನ ಓವರ್‌ಸಿಯರ್ ಸರ್ವೋತ್ತಮರಾಯರು ಜಾಗ ನೋಡಲು ಬರುವುದೆಂದಾಯಿತು. ಅಷ್ಟಕ್ಕೇ ಕುಕ್ಕಪ್ಪ "ಸಂಕ ಆಯ್ತು" ಎಂದು ತವರಿಗೆ ಸುದ್ದಿ ಮುಟ್ಟಿಸಿದ. ಬಾಯಿಗೆ ಬೀಗವಿಲ್ಲದ ಮನುಷ್ಯ!

"ಜನ ಕಡಿಮೆ ಕಂಡರೆ ಕೊಡುದಿಲ್ಲ ಮಾರಾಯ," ನೆರೆಮನೆಯ ತ್ಯಾಂಪಣ್ಣ ಹೆದರಿಸಿದ. "ಅವರು ಈ ಸಂಕ ದಾಟಿ ಮನೆಮನೆ ತಿರುಗುವುದುಂಟಾ? ನಾವೇ ಹೋಗಿ ಅಂಗಡಿ ಎದುರು ನಿಲ್ಲುವ."

ಬೆಳಿಗ್ಗೆಯೇ ಊರಿಗೆ ಊರೇ ದಾಟಿತು. ಹಾಸಿಗೆ ಹಿಡಿದ ತಿಮ್ಮಕ್ಕಜ್ಜಿಯನ್ನು ಕುಕ್ಕಪ್ಪನೇ ಬೆನ್ನಿಗೆ ಹಾಕಿಕೊಂಡ.

"ಬೀಳಿಸಿದೆಯೋ, ಸತ್ತ ಮೇಲೂ ಬಂದು ಬೈತೇನೆ!" ಎಂದಳು ಅಜ್ಜಿ. ಸಂಕ ಹಳೇ ಮಂಚದಂತೆ ಕಿರುಗುಟ್ಟಿತು.

ಜೀಪು ಬಂತು. ರಾಯರು ತಲೆ ಎಣಿಸಿ ಖುಷಿಪಟ್ಟರು. "ಎಂಬತ್ತು! ಒಳ್ಳೆ ಜನಸಂಖ್ಯೆ. ಇನ್ನು ಆಚೆ ಎಷ್ಟು?"

ಅಷ್ಟರಲ್ಲಿ ಅಂಗಡಿಯ ಹಿಂದಿನ ಹೊಳೆಯಲ್ಲಿ 'ದಡಲ್' ಎಂದಿತು. ಓಡಿ ಹೋಗಿ ನೋಡಿದರೆ ಸಂಕ ತೇಲಿಹೋಗುತ್ತಿದೆ.

"ನೋಡಿ ಸ್ವಾಮಿ, ಹೊಸತು ಬೇಕೇ ಬೇಕು!" ಕುಕ್ಕಪ್ಪ ಹಿಗ್ಗಿದ.

"ಯಾರಿಗೆ? ಆಚೆ ಒಂದು ನರಪಿಳ್ಳೆ ಕಾಣುದಿಲ್ಲ."

"ನಮ್ಮ ಮನೆಗಳೆಲ್ಲ ಅಲ್ಲೇ ಸ್ವಾಮಿ, ಗುಡ್ಡೆಯ ಹಿಂದೆ."

"ನಾನು ಕಣ್ಣಿಗೆ ಕಂಡದ್ದನ್ನು ಬರೆಯುವವ. ಆಚೆ ಒಬ್ಬರನ್ನಾದರೂ ತೋರಿಸಿ."

"ಒಂದು ಕೂ ಹಾಕು," ಎಂದ ತ್ಯಾಂಪಣ್ಣ. "ಹಾಸಿಗೆ ಹಿಡಿದವರು ಯಾರಾದರೂ ಓಗೊಟ್ಟಾರು."

"ಹಾಸಿಗೆ ಹಿಡಿದವರನ್ನೂ ಹೊತ್ತು ತಂದಾಯ್ತಲ್ಲ, ಶನಿಯೇ!" ಎನ್ನುತ್ತಲೇ ಕುಕ್ಕಪ್ಪ ಬಾಯಿಗೆ ಕೈ ಅಡ್ಡ ಹಿಡಿದ. "ಕೂ!"

"ಕೂ!" ಆಚೆಯಿಂದ ಉತ್ತರ ಬಂತು!

ಕುಕ್ಕಪ್ಪ ಕುಣಿದ. ಬಿದಿರಮೆಳೆ ಸರಿಸಿ ಹೊರಬಂದವಳು ಲೋಲಾಕ್ಷಿ. ತಲೆಯಲ್ಲಿ ಬಟ್ಟೆಗಂಟು, ಮುಖ ಕೆಂಡ.

"ಸಂಕ ಆಯ್ತು ಅಂತ ಹೇಳಿದ್ದು ಇದನ್ನಾ? ಕೋಪ ಬಂದು ಅಂಗಡಿ ಹಿಂದಿನಿಂದ ಕಣ್ಣುಮುಚ್ಚಿ ದಾಟಿದೆ. ಕಾಲು ತೆಗೆದದ್ದೇ ತಡ, ಮರ ಹೊಳೆಗೆ! ಮನೆಗೆ ಬಂದು ನಿಮ್ಮನ್ನು ಬೈಯುವ ಅಂದರೆ ನೀವು ಅಲ್ಲಿ ಎಂತ ಮಾಡುದು?"

ರಾಯರು ಪೆನ್ನಿಗೆ ಮುಚ್ಚಳ ಹಾಕಿದರು. "ಈಚೆ ಎಂಬತ್ತು, ಆಚೆ ಒಂದು. ಒಬ್ಬರಿಗಾಗಿ ಸರಕಾರ ಸಂಕ ಹಾಕುದಿಲ್ಲ ಮಾರಾಯ್ರೆ. ಆ ತಾಯಿಯನ್ನು ಈಚೆ ಕರೆಸಿಕೊಳ್ಳಿ, ಮುಗಿಯಿತು." ಜೀಪು ಹೊರಟೇ ಹೋಯಿತು.

"ಗೌಡ್ರೇ, ರಾತ್ರಿಗೆ ಎಂಬತ್ತು ಜನಕ್ಕೆ ಗಂಜಿ ಇಡುದಾ?" ಪೋಕರ್ ಮೆಲ್ಲಗೆ ಕೇಳಿದ.

ಕುಕ್ಕಪ್ಪನಿಗೆ ಅದು ಕೇಳಿಸಲಿಲ್ಲ. "ಲೋಲಾಕ್ಷೀ, ಹೇಗಾದರೂ ಈಚೆ ಬಾ ಮಾರಾಯ್ತಿ!" ಎಂದು ಕೂಗಿದ.

"ಗಟ್ಟಿ ಸಂಕ ಆಗದೆ," ಆಚೆ ದಡದ ಜನಸಂಖ್ಯೆ ಸೊಂಟಕ್ಕೆ ಸೆರಗು ಬಿಗಿದು ಹೇಳಿತು, "ನಾನು ದಾಟುದಿಲ್ಲ!"