ಚಿಕ್ಕಮಾವನ ಕಾಫಿ ಗಿಡ

ಗಿಡಕ್ಕೆ ಛತ್ರಿ ಕೊಟ್ಟು ತಾನು ಬಿಸಿಲಲ್ಲಿ ನಿಲ್ಲುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ಒಂದೇ ಮನೆಯಲ್ಲಿದ್ದು ನೋಡಿದ್ದೇನೆ!

ಎಪ್ಪತ್ತರ ದಶಕದ ಮಾತು. ನಾನು ಹಿರೇನಲ್ಲೂರಿನಿಂದ ಅಜ್ಜಂಪುರಕ್ಕೆ ಸೊಸೆಯಾಗಿ ಬಂದ ಹೊಸದು. ಮಾವನವರ ತಮ್ಮ, ನಮ್ಮ ಚಿಕ್ಕಮಾವ, ಹಿತ್ತಲಲ್ಲಿ ಮೂರು ವರ್ಷದ ಒಂದು ಕಾಫಿ ಗಿಡ ಸಾಕಿದ್ದರು. ಸ್ವಂತ ಗಿಡದ ಬೀಜದಲ್ಲಿ ಒಂದು ಲೋಟ ಕಾಫಿ ಕುಡಿಯಬೇಕು, ಇಷ್ಟೇ ಅವರ ಆಸೆ. ಅದೋ ಕಾಡಿನ ದೊಡ್ಡ ಮರಗಳ ಕೆಳಗೆ ಬೆಳೆಯುವ ಗಿಡ. ನಮ್ಮೂರಲ್ಲಿ ನೆರಳೆಂದರೆ ರೈಲ್ವೆ ಸ್ಟೇಷನ್ನಿನ ಚಾವಣಿ!

ಅದಕ್ಕೇ ಕೋಲಿಗೆ ಛತ್ರಿ ಕಟ್ಟಿದ್ದರು. ಸೂರ್ಯ ಸರಿದಂತೆ ಛತ್ರಿಯೂ ಸರಿಯಬೇಕು. ಊಟಕ್ಕೆ ಕೂತ ಚಿಕ್ಕಮಾವ ಅರ್ಧಕ್ಕೇ ಎದ್ದು ಹೋಗುತ್ತಿದ್ದರು.

"ಅದ್ಕೊಂದು ತೊಟ್ಲು ಕಟ್ಬಿಡಪ್ಪಾ," ಎನ್ನುತ್ತಿದ್ದರು ನಮ್ಮತ್ತೆ.

"ಕಟ್ತೀನಿ ಅತ್ಗೆ, ಜೋಗುಳ ನೀವೇ ಹಾಡ್ಬೇಕು!"

ಬಚ್ಚಲ ನೀರೆಲ್ಲ ಗಿಡಕ್ಕೇ. ನೆಂಟರು ಸ್ನಾನಕ್ಕಿಳಿದರೆ ಬಾಗಿಲಾಚೆ ನಿಂತು, "ಸೋಪ್ ಹಚ್ಬೇಡಿ ಕಣ್ರೀ, ಗಿಡಕ್ಕಾಗಲ್ಲ!" ಎಂದು ಕೂಗುತ್ತಿದ್ದರು. ನೆಂಟರು ಬರುವುದೇ ಕಡಿಮೆಯಾಯಿತು. ಅದೂ ಶಿವನ ದಯೆ!

ಯುಗಾದಿಗೆ ಮುಂಚೆ ಒಂದು ಮಳೆಯಾಗಿ ಗಿಡದ ತುಂಬ ಮೊಗ್ಗು ಬಂತು. ಹಣ್ಣಾಗಲು ಇನ್ನೂ ಎಂಟೊಂಬತ್ತು ತಿಂಗಳು. ಚಿಕ್ಕಮಾವ ಆಗಲೇ ತರೀಕೆರೆಗೆ ಹೊರಟರು, ಬೀಜ ಪುಡಿಮಾಡುವ ಕೈಮಿಷನ್ ತರಲು!

ಮರುದಿನ ಬೆಳಗ್ಗೆ ನೋಡಿದರೆ ಬೆಳ್ಳನೆ ಹೂ, ಮಲ್ಲಿಗೆಯಂಥ ಘಮ. ನನ್ನ ತವರಲ್ಲಿ ಯಾವ ಗಿಡವಾದರೂ ಮೊದಲು ಬಿಟ್ಟ ಹೂ ಶಿವಪೂಜೆಗೆ. ನಾಳೆ ಮತ್ತೆ ಬಿಡುತ್ತದಲ್ಲ ಎಂದುಕೊಂಡು, ಒಂದೂ ಉಳಿಸದೆ ಬಿಡಿಸಿ ದೇವರಿಗೆ ಏರಿಸಿದೆ.

ಮಧ್ಯಾಹ್ನ ಚಿಕ್ಕಮಾವ ಮಿಷನ್ ಹೊತ್ತು ನೇರ ಹಿತ್ತಲಿಗೇ ಬಂದರು. ಬರಿಗಿಡ ನೋಡಿ ನಿಂತುಬಿಟ್ಟರು. ನಾನು ನಡೆದದ್ದು ಹೇಳಿದೆ.

"ವರ್ಷಕ್ಕೆ ಒಂದೇ ಸಲ ಕಣಮ್ಮ ಬಿಡೋದು," ಎಂದರು ಮೆಲ್ಲಗೆ. "ಆ ಹೂವೇ ಕಾಯಾಗೋದು."

ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. "ಅಯ್ಯೋ, ಹೂವೆಲ್ಲ ಯಾರು ಕಿತ್ತಿದ್ದು?" ಎಂದು ನನ್ನತ್ತ ತಿರುಗಿದರು.

"ನಾನೇ ಕೀಳು ಅಂದಿದ್ದೆ ಅತ್ಗೆ," ಎಂದರು ಚಿಕ್ಕಮಾವ. "ಮೊದಲ್ನೇದು ಶಿವನಿಗೆ."

ಒಂದು ದಿನವೂ ಪೂಜೆ ತಪ್ಪಿಸದ ಮನುಷ್ಯ, ಶಿವನ ಹೆಸರಲ್ಲೇ ಸುಳ್ಳು ಹೇಳಿದರು. ಅತ್ತೆ ಒಳಗೆ ಹೋದ ಮೇಲೆ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅಳ್ಬೇಡ ತಾಯಿ. ಬರೋ ವರ್ಷ ಇಬ್ರೂ ಸೇರಿ ಕಾಯೋಣ."